ಟ್ಯೂಬ್‌ಲೈಟಿನ ಮೇಲಿನ ಹೆಸರು

ಮೊದಲ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಹೊರಗಿನ ಒಂದು ಓಪನ್ ಸೋರ್ಸ್ ಲೈಬ್ರರಿಯನ್ನು ನಮ್ಮ ಪ್ರಾಜೆಕ್ಟಿನೊಳಗೆ ತರುವ ಕೆಲಸ ನನ್ನ ಪಾಲಿಗೆ ಬಂತು. ಸುಮಾರು ನಲವತ್ತು ಫೈಲು. ಪ್ರತಿ ಫೈಲಿನ ತಲೆಯಲ್ಲೂ ಇಪ್ಪತ್ತು ಸಾಲಿನ ಕಮೆಂಟು: ಯಾರು ಬರೆದದ್ದು, ಯಾವ ವರ್ಷ, ಯಾವ ಷರತ್ತಿನ ಮೇಲೆ ಬಳಸಬಹುದು. "ಈ ಕಸ ಎಲ್ಲಾ ತೆಗೆದುಬಿಡು, ನೀಟಾಗಿರಲಿ" ಅಂದರು ಸೀನಿಯರ್. ನಾನು ಉತ್ಸಾಹದಲ್ಲಿ ಎರಡು ಸಾಲಿನ ಸ್ಕ್ರಿಪ್ಟ್ ಬರೆದು ಓಡಿಸಿದೆ. ಒಂದು ಸೆಕೆಂಡಿನಲ್ಲಿ ನಲವತ್ತೂ ಬೋಳಾದವು. ಆ ಹೆಸರುಗಳಲ್ಲಿ ಒಂದೂ ಈಗ ನನಗೆ ನೆನಪಿಲ್ಲ. ಆ ಕೋಡನ್ನು ಪುಕ್ಕಟೆ ಕೊಟ್ಟವರು ಬದಲಿಗೆ ಕೇಳಿದ್ದು ಒಂದೇ ಒಂದು: ಈ ಕಮೆಂಟನ್ನು ಅಳಿಸಬೇಡಿ. ಅದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ, ಆ ಲೈಸೆನ್ಸನ್ನು ನಿಜಕ್ಕೂ ಕೂತು ಓದಿದಾಗ.

ಅಲ್ಲಿಂದ ಈ ವಿಷಯ ನನ್ನ ಬೆನ್ನು ಬಿಟ್ಟಿಲ್ಲ. ಓಪನ್ ಸೋರ್ಸ್ ಜಗತ್ತಿನಲ್ಲಿ ಹೆಸರಿಗಾಗಿ, ಮನ್ನಣೆಗಾಗಿ ನಡೆದ ಜಗಳಗಳು ಒಂದೆರಡಲ್ಲ. ಹೊರಗಿನಿಂದ ನೋಡಿದರೆ ಎಲ್ಲಾ ಅಹಂಕಾರದ ಗುದ್ದಾಟ ಅನ್ನಿಸುತ್ತೆ. ನನಗೂ ಹಾಗೇ ಅನ್ನಿಸುತ್ತಿತ್ತು. ಆದರೆ ದುಡ್ಡು ಇಲ್ಲದ ಕಡೆ ಕೂಲಿ ಅಂತ ಸಿಗೋದು ಹೆಸರೊಂದೇ. ಕೂಲಿ ಕೇಳಿದವರನ್ನು ಅಹಂಕಾರಿ ಅಂತ ಕರೆಯೋದು ಎಷ್ಟು ಸರಿ?

ಎಲ್ಲಕ್ಕಿಂತ ದೊಡ್ಡ ಜಗಳ ಲಿನಕ್ಸ್ ಎಂಬ ಹೆಸರಿನದೇ. 1991ರ ಆಗಸ್ಟ್ 25ರಂದು ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್, ತಾನೊಂದು ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿದ್ದೇನೆ, ಇದು ಬರೀ ಹವ್ಯಾಸ, ಗ್ನೂ ಥರ ದೊಡ್ಡದೇನೂ ಆಗಲ್ಲ ಅಂತ ಜಗತ್ತಿಗೆ ತಿಳಿಸಿದ. ತನ್ನಷ್ಟಕ್ಕೆ ತಾನು ಅದನ್ನು ಲಿನಕ್ಸ್ ಅಂತ ಕರೆದುಕೊಳ್ಳುತ್ತಿದ್ದರೂ, ಸ್ವಂತ ಹೆಸರಿನ ವಾಸನೆ ಹೊಡೆಯುವ ಹೆಸರನ್ನು ಹೊರಗೆ ಬಿಡೋಕೆ ಅವನಿಗೆ ಸಂಕೋಚ. ಹಾಗಾಗಿ 'ಫ್ರೀಕ್ಸ್' ಎಂಬ ಹೆಸರು ಆರಿಸಿದ. ಫೈಲುಗಳನ್ನು ಇಡಲು ಸರ್ವರಿನಲ್ಲಿ ಜಾಗ ಕೊಟ್ಟವನು ಆರಿ ಲೆಮ್ಕೆ ಎಂಬಾತ. ಅವನಿಗೆ ಫ್ರೀಕ್ಸ್ ಇಷ್ಟವಾಗಲಿಲ್ಲ. ಡೈರೆಕ್ಟರಿಗೆ ಲಿನಕ್ಸ್ ಅಂತ ಹೆಸರಿಟ್ಟುಬಿಟ್ಟ. ಅಷ್ಟೇ ಕಥೆ. ಇವತ್ತು ಇಡೀ ಪ್ರಪಂಚದ ಸರ್ವರುಗಳು ಹೊತ್ತಿರುವ ಹೆಸರು, ಗೋದಾಮಿನ ಮೇಲ್ವಿಚಾರಕ ಮೂಟೆಯ ಮೇಲೆ ಬರೆದ ಗುರುತಿನ ಹಾಗೆ ಬಂದದ್ದು.

ಮೂಟೆಯೊಳಗೆ ಇದ್ದದ್ದು ಕರ್ನಲ್ ಮಾತ್ರ. ಹಾರ್ಡ್‌ವೇರಿನ ಜೊತೆ ಮಾತಾಡುವ ಒಳಗಿನ ತಿರುಳು. ಬರೀ ತಿರುಳಿನಿಂದ ಏನೂ ಮಾಡೋಕಾಗಲ್ಲ. ಕಂಪೈಲರ್ ಬೇಕು, ಶೆಲ್ ಬೇಕು, ಲೈಬ್ರರಿ ಬೇಕು. ಇವೆಲ್ಲ ಆಗಲೇ ತಯಾರಾಗಿದ್ದವು. 1983ರ ಸೆಪ್ಟೆಂಬರ್ 27ರಂದು ಅಮೆರಿಕದ ಎಂಐಟಿಯಲ್ಲಿದ್ದ ರಿಚರ್ಡ್ ಸ್ಟಾಲ್ಮನ್, ಯುನಿಕ್ಸ್ ಥರದ, ಆದರೆ ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ಒಂದು ಪೂರ್ತಿ ಆಪರೇಟಿಂಗ್ ಸಿಸ್ಟಮ್ ಕಟ್ಟುತ್ತೇನೆ ಅಂತ ಸಾರಿದ್ದರು. ಹೆಸರು ಗ್ನೂ. 'ಗ್ನೂ ಯುನಿಕ್ಸ್ ಅಲ್ಲ' ಅನ್ನೋದು ಅದರ ವಿಸ್ತರಣೆ. ಎಂಟು ವರ್ಷದಲ್ಲಿ ಕಂಪೈಲರ್, ಎಡಿಟರ್, ಶೆಲ್ ಎಲ್ಲಾ ಬಂದಿದ್ದವು. ಕೋಡು ಎಂದೆಂದಿಗೂ ಮುಕ್ತವಾಗಿ ಉಳಿಯಲಿ ಅಂತ 1989ರಲ್ಲಿ ಜಿಪಿಎಲ್ ಎಂಬ ಲೈಸೆನ್ಸೂ ಬಂದಿತ್ತು. ಉಳಿದದ್ದು ಕರ್ನಲ್ ಒಂದೇ. 1990ರಲ್ಲಿ ಶುರುವಾದ ಅವರ 'ಹರ್ಡ್' ಕರ್ನಲ್ ಕುಂಟುತ್ತಲೇ ಇತ್ತು. ಮನೆ ಪೂರ್ತಿ ಕಟ್ಟಿ ಬಾವಿ ತೋಡುವಷ್ಟರಲ್ಲಿ ಪಕ್ಕದವನ ಬಾವಿಯಲ್ಲಿ ನೀರು ಬಂದ ಹಾಗಾಯಿತು.

ಲಿನಸ್ ಇದನ್ನು ಮುಚ್ಚಿಡಲಿಲ್ಲ ಅನ್ನೋದನ್ನು ಗಮನಿಸಬೇಕು. ಮೊದಲ ಆವೃತ್ತಿಯ ಟಿಪ್ಪಣಿಯಲ್ಲೇ, ಕರ್ನಲ್ ಒಂದರಿಂದ ಏನೂ ಆಗದು, ಇದರ ಜೊತೆ ಬಳಸುವ ಬಹುಪಾಲು ಸಲಕರಣೆಗಳು ಗ್ನೂ ಸಾಫ್ಟ್‌ವೇರ್ ಅಂತ ಬರೆದಿದ್ದ. 1992ರಲ್ಲಿ ತನ್ನ ಕರ್ನಲ್ಲನ್ನೂ ಜಿಪಿಎಲ್ ಅಡಿಗೆ ತಂದ. ಮನ್ನಣೆ ಬರೆದೇ ಇತ್ತು. ಆದರೆ ಅದು ಟಿಪ್ಪಣಿಯಲ್ಲಿತ್ತು, ಹೆಸರಿನಲ್ಲಿ ಇರಲಿಲ್ಲ. ಜನ ಟಿಪ್ಪಣಿ ಓದಲ್ಲ, ಹೆಸರು ಹೇಳ್ತಾರೆ. ಸಿಡಿಗಳಲ್ಲಿ, ಪತ್ರಿಕೆಗಳಲ್ಲಿ, ಜಾಹೀರಾತುಗಳಲ್ಲಿ ಇಡೀ ಸಿಸ್ಟಮ್ 'ಲಿನಕ್ಸ್' ಆಯಿತು. ಅಂಥ ಒಂದು ಸಿಡಿಯಲ್ಲಿದ್ದ ಸೋರ್ಸ್ ಕೋಡಿನಲ್ಲಿ ಗ್ನೂ ಪಾಲು ಸುಮಾರು 28%, ಲಿನಕ್ಸ್ ಕರ್ನಲ್ಲಿನ ಪಾಲು 3% ಎಂಬ ಲೆಕ್ಕವನ್ನು ಗ್ನೂ ಬಳಗ ಇವತ್ತಿಗೂ ಮುಂದಿಡುತ್ತದೆ.

ಸ್ಟಾಲ್ಮನ್ ಸುಮ್ಮನಿರಲಿಲ್ಲ. 1996ರಲ್ಲಿ ಈಮ್ಯಾಕ್ಸ್ ಎಡಿಟರಿನ ಒಂದು ಆವೃತ್ತಿಯ ಒಳಗೆ, ಸಿಸ್ಟಮಿನ ಹೆಸರು 'ಲಿನಕ್ಸ್' ಅಂತ ಇದ್ದ ಕಡೆ 'ಲಿಗ್ನಕ್ಸ್' ಅಂತ ಬದಲಾಯಿಸಿದರು. ಲಿನಕ್ಸ್ ಹೊಟ್ಟೆಯೊಳಗೆ ಗ್ನೂ ತುರುಕಿದ ಹೆಸರು. ಜನ ನಕ್ಕರು, ಸಿಟ್ಟಾದರು. ಆ ಹೆಸರನ್ನು ಕೈಬಿಟ್ಟು 'ಗ್ನೂ/ಲಿನಕ್ಸ್' ಅಂತ ಕರೆಯಿರಿ ಅನ್ನೋಕೆ ಶುರು ಮಾಡಿದರು. ಡೆಬಿಯನ್ ಬಳಗ ಒಪ್ಪಿಕೊಂಡಿತು, ಉಳಿದ ಹೆಚ್ಚಿನವರು ಒಪ್ಪಲಿಲ್ಲ. ಲಿನಸ್ ನಿಲುವು ಸರಳ: ಗ್ನೂ ಬಳಗದವರೇ ಒಂದು ಡಿಸ್ಟ್ರಿಬ್ಯೂಷನ್ ಮಾಡಿ ಗ್ನೂ ಲಿನಕ್ಸ್ ಅಂತ ಕರೆದರೆ ಸರಿ, ಎಲ್ಲರೂ ಹಾಗೇ ಕರೆಯಬೇಕು ಅನ್ನೋದು ಹಾಸ್ಯಾಸ್ಪದ. ವಿರೋಧಿಸಿದವರು ಇನ್ನೊಂದು ಪ್ರಶ್ನೆ ಕೇಳಿದರು: ಹಾಗಾದರೆ ಎಕ್ಸ್ ವಿಂಡೋ, ಬಿಎಸ್‌ಡಿ, ಪರ್ಲ್, ಅಪಾಚೆ ಬರೆದವರ ಹೆಸರೂ ಸೇರಿಸಬೇಕಲ್ಲ, ಎಲ್ಲಿಗೆ ನಿಲ್ಲಿಸೋದು?

ಸ್ಟಾಲ್ಮನ್ ಉತ್ತರ ಬರೀ 'ನಮ್ಮ ಪಾಲು ದೊಡ್ಡದು' ಅಂತ ಇರಲಿಲ್ಲ. ಉಳಿದವರು ಒಂದೊಂದು ಸಾಮಾನು ಮಾಡಿದರು, ಇಡೀ ಮುಕ್ತ ಸಿಸ್ಟಮ್ ಕಟ್ಟಲೇಬೇಕು ಅಂತ ಹೊರಟವರು ನಾವು. ಹೆಸರು ಹೋದರೆ ಯಾಕೆ ಹೊರಟೆವು ಅನ್ನೋದೂ ಹೋಗುತ್ತೆ ಅನ್ನೋದು ಅವರ ವಾದ. ಬಳಸುವವನ ಸ್ವಾತಂತ್ರ್ಯಕ್ಕಾಗಿ ಕಟ್ಟಿದ್ದನ್ನು ಜನ, ಹೆಲ್ಸಿಂಕಿಯ ಹುಡುಗನೊಬ್ಬ ಮೋಜಿಗೆ ಮಾಡಿದ್ದು ಅಂತ ತಿಳಿದುಕೊಳ್ಳುತ್ತಾರೆ ಅನ್ನೋದೇ ಅವರ ಭಯ. 1999ರಲ್ಲಿ ಅವರ ಸಂಸ್ಥೆಗೆ ಒಂದು ಪ್ರಶಸ್ತಿ ಬಂತು. ಅದರ ಹೆಸರೇ ಲಿನಸ್ ಟೋರ್ವಾಲ್ಡ್ಸ್ ಪ್ರಶಸ್ತಿ! ಅದು ಹೇಗಿದೆ ಅಂದರೆ, 'ಸ್ಟಾರ್ ವಾರ್ಸ್' ಸಿನಿಮಾದ ಬಂಡಾಯ ಪಡೆಗೇ ಆ ಪಡೆಯ ವೀರ ಹಾನ್ ಸೋಲೋ ಹೆಸರಿನ ಪ್ರಶಸ್ತಿ ಕೊಟ್ಟ ಹಾಗಿದೆ ಅಂತ ಸ್ಟಾಲ್ಮನ್ ವೇದಿಕೆಯಲ್ಲೇ ಕುಟುಕಿದರು. ಅವರ ಭಯ ಸುಳ್ಳಾಗಲಿಲ್ಲ. ನನ್ನ ಜೊತೆ ಕೆಲಸ ಮಾಡುವ ಹುಡುಗರು ದಿನವಿಡೀ ಬ್ಯಾಶ್ ಬಳಸುತ್ತಾರೆ. ಅದು ಗ್ನೂ ಶೆಲ್ ಅಂತ ಗೊತ್ತಿರುವವರು ಎಷ್ಟು ಜನ?

ಬೀದಿಯಲ್ಲಿ ಸೋತ ಆ ಹೆಸರು ಅಡಿಪಾಯದಲ್ಲಿ ಮಾತ್ರ ಉಳಿದಿದೆ. ಯಾವುದಾದರೂ ಉಬುಂಟು ಮೆಷೀನಿನ ಲೈಬ್ರರಿ ಡೈರೆಕ್ಟರಿ ತೆಗೆದು ನೋಡಿ: ಪ್ರೊಸೆಸರ್ ಹೆಸರಿನ ಹಿಂದೆ 'ಲಿನಕ್ಸ್-ಗ್ನೂ' ಎಂಬ ಬಾಲ ಇರುತ್ತೆ. ಲಿಗ್ನಕ್ಸ್ ಜಗಳದ ನಂತರ ನೆಲೆ ನಿಂತ ಗುರುತು ಅದು. ಸ್ವಾರಸ್ಯ ಏನಂದರೆ, ಇವತ್ತು ಅದು ಮನ್ನಣೆಯ ಮಾತಾಗಿ ಉಳಿದಿಲ್ಲ, ತಾಂತ್ರಿಕ ಸತ್ಯವಾಗಿದೆ. ಡಾಕರ್ ಬಳಸುವವರಿಗೆ ಗೊತ್ತು: ಗ್ನೂ ಸಿ ಲೈಬ್ರರಿಗೆ ಕಟ್ಟಿದ ಪ್ರೋಗ್ರಾಮನ್ನು ಆಲ್ಪೈನ್ ಇಮೇಜಿನೊಳಗೆ ಹಾಕಿದರೆ ಸಾಮಾನ್ಯವಾಗಿ ಓಡೋದೇ ಇಲ್ಲ. ಅಲ್ಲಿರೋದು 'ಲಿನಕ್ಸ್-ಮಸಲ್'. ಕರ್ನಲ್ ಅದೇ, ಲೈಬ್ರರಿ ಬೇರೆ. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನಲ್ಲೂ ಲಿನಕ್ಸ್ ಕರ್ನಲ್ ಇದೆ, ಗ್ನೂ ಸಿ ಲೈಬ್ರರಿ ಇಲ್ಲ. 'ಲಿನಕ್ಸ್ ಅಂದರೆ ಇಡೀ ಸಿಸ್ಟಮ್ ಅಲ್ಲ' ಅನ್ನೋ ಸ್ಟಾಲ್ಮನ್ ಮಾತು ಕೊನೆಗೂ ನಮ್ಮ ತಲೆಗೆ ಹೋಗುವುದು ಬಿಲ್ಡ್ ಕೈಕೊಟ್ಟಾಗ, ರಾತ್ರಿ ಹನ್ನೊಂದಕ್ಕೆ.

ಹಾಗಾದರೆ ಮನ್ನಣೆಯನ್ನು ಲೈಸೆನ್ಸಿನಲ್ಲೇ ಕಡ್ಡಾಯ ಮಾಡಿಬಿಟ್ಟರೆ? ಅದನ್ನೂ ಮಾಡಿ ನೋಡಿದ್ದಾರೆ.

ನಮ್ಮೂರ ದೇವಸ್ಥಾನದಲ್ಲಿ ಒಂದು ಟ್ಯೂಬ್‌ಲೈಟ್ ಇದೆ. ಕೊಟ್ಟವರ ಹೆಸರು, ಅವರ ತಂದೆಯ ಹೆಸರು, ಊರು, ಇಸವಿ ಎಲ್ಲಾ ಕೆಂಪು ಬಣ್ಣದಲ್ಲಿ ಲೈಟಿನ ಮೇಲೇ ಬರೆದಿದ್ದಾರೆ. ಬೆಳಕು ಬೀಳುವುದು ಅಕ್ಷರಗಳ ಸಂದಿಯಿಂದ ಮಾತ್ರ. ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ತನ್ನ ಬಿಎಸ್‌ಡಿ ಯುನಿಕ್ಸ್ ಕೋಡಿಗೆ ಹಾಕಿದ್ದ ಷರತ್ತು ಹೆಚ್ಚುಕಡಿಮೆ ಹೀಗೇ ಇತ್ತು. ಕೋಡು ಯಾರು ಬೇಕಾದರೂ ಬಳಸಿ, ಮಾರಿ. ಆದರೆ ಅದರ ಗುಣಗಳನ್ನು ಹೇಳುವ ಪ್ರತಿ ಜಾಹೀರಾತಿನಲ್ಲೂ 'ಇದರಲ್ಲಿ ಬರ್ಕ್‌ಲಿಯವರು ಬರೆದ ಸಾಫ್ಟ್‌ವೇರ್ ಇದೆ' ಎಂಬ ವಾಕ್ಯ ಇರಲೇಬೇಕು. ಒಂದು ವಾಕ್ಯ ತಾನೇ, ಹಾಕಿದರಾಯಿತು ಅನ್ನಿಸುತ್ತೆ. ಆದರೆ ಆ ಲೈಸೆನ್ಸನ್ನು ನಕಲು ಮಾಡಿಕೊಂಡ ಬೇರೆಯವರು ಬರ್ಕ್‌ಲಿ ಹೆಸರಿನ ಜಾಗದಲ್ಲಿ ತಮ್ಮ ಹೆಸರು ಹಾಕಿಕೊಂಡರು. 1997ರ ನೆಟ್‌ಬಿಎಸ್‌ಡಿ ಆವೃತ್ತಿಯೊಂದರಲ್ಲಿ ಇಂಥ ವಾಕ್ಯಗಳನ್ನು ಎಣಿಸಿದ್ದು ಬೇರೆ ಯಾರೂ ಅಲ್ಲ, ಸ್ಟಾಲ್ಮನ್ನರೇ. ಸಿಕ್ಕಿದ್ದು 75! ಒಂದು ಜಾಹೀರಾತಿನಲ್ಲಿ 75 ವಾಕ್ಯ ಮುದ್ರಿಸಿದರೆ ಸಾಮಾನಿನ ಹೆಸರಿಗೆ ಜಾಗ ಎಲ್ಲಿ? ಗ್ನೂ ಹೆಸರು ಸೇರಿಸಿ ಅಂತ ಬೇಡಿಕೊಂಡವರೇ ಇಂಥ ಕಡ್ಡಾಯ ಕೂಡದು ಅಂತಲೂ ವಾದಿಸಿದರು. ಅವರು ಕೇಳಿದ್ದು ಬಾಯಿಮಾತಿನ ಮರ್ಯಾದೆ, ಕಾನೂನಿನ ಬಲವಂತ ಅಲ್ಲ. ಜಿಪಿಎಲ್‌ನಲ್ಲೂ 'ಗ್ನೂ ಅಂತ ಕರೆಯಿರಿ' ಎಂಬ ಷರತ್ತು ಇಲ್ಲ. 1999ರ ಜುಲೈ 22ರಂದು ವಿಶ್ವವಿದ್ಯಾಲಯ ತನ್ನ ಷರತ್ತನ್ನು ಅಧಿಕೃತವಾಗಿ ಕೈಬಿಟ್ಟಿತು.

ಐದು ವರ್ಷದೊಳಗೆ ಇನ್ನೊಬ್ಬರು ಅದೇ ಹಳ್ಳಕ್ಕೆ ಬಿದ್ದರು. ಲಿನಕ್ಸಿನಲ್ಲಿ ಕಿಟಕಿ, ಮೌಸ್, ಚಿತ್ರ ಎಲ್ಲಾ ಆಗ ಕಾಣುತ್ತಿದ್ದದ್ದು ಎಕ್ಸ್‌ಫ್ರೀ86 ಎಂಬ ಸಾಫ್ಟ್‌ವೇರಿನ ದಯೆಯಿಂದ. 1992ರಿಂದ ಸ್ವಯಂಸೇವಕರು ದುಡಿದು ಬೆಳೆಸಿದ್ದು. ನೂರೆಂಟು ಬಗೆಯ ವಿಡಿಯೋ ಕಾರ್ಡುಗಳಿಗೆ ಡ್ರೈವರ್ ಬರೆಯುವ, ಯಾರೂ ಹೊಗಳದ ಕೆಲಸ ಅದು. ಹೊಗಳಿಕೆ ಹೋಗುತ್ತಿದ್ದದ್ದು ಅದನ್ನು ಸಿಡಿಯಲ್ಲಿ ಹಾಕಿ ಹಂಚುವವರಿಗೆ. 2004ರ ಆರಂಭದಲ್ಲಿ ಆ ಬಳಗ, ಹಂಚುವವರು ಬೇರೆಯವರಿಗೆ ಎಲ್ಲಿ ಮನ್ನಣೆ ಬರೆಯುತ್ತಾರೋ ಅಲ್ಲಿ, ಅದೇ ರೀತಿಯಲ್ಲಿ ನಮ್ಮದನ್ನೂ ಬರೆಯಬೇಕು ಅಂತ ಲೈಸೆನ್ಸಿಗೆ ಷರತ್ತು ಸೇರಿಸಿತು. ಬೇಡಿಕೆ ಅನ್ಯಾಯದ್ದೇನಲ್ಲ. ಆದರೆ ಆ ಷರತ್ತು ಜಿಪಿಎಲ್ ಜೊತೆ ಹೊಂದಲ್ಲ ಎಂಬ ಆತಂಕ ಎದ್ದಿತು. ರೆಡ್ ಹ್ಯಾಟ್, ಡೆಬಿಯನ್, ಮ್ಯಾಂಡ್ರೇಕ್, ಜೆಂಟೂ, ಓಪನ್‌ಬಿಎಸ್‌ಡಿ ಒಂದೊಂದಾಗಿ ಹೊಸ ಆವೃತ್ತಿ ಬೇಡ ಅಂದವು. ಷರತ್ತು ಬರುವ ಮುಂಚಿನ ಕೋಡನ್ನು ತೆಗೆದುಕೊಂಡು ಎಕ್ಸ್.ಆರ್ಗ್ ಎಂಬ ಬಳಗ ಅದೇ ವರ್ಷದ ಏಪ್ರಿಲ್‌ನಲ್ಲಿ ತನ್ನ ಆವೃತ್ತಿ ಬಿಡುಗಡೆ ಮಾಡಿತು. ಎಲ್ಲರೂ ಅತ್ತ ಹೋದರು. ಎಕ್ಸ್‌ಫ್ರೀ86 ಕೊನೆಯ ಆವೃತ್ತಿ ಬಂದದ್ದು 2008ರಲ್ಲಿ, ಕೇಳುವವರೇ ಇಲ್ಲದ ಕಾಲಕ್ಕೆ. ಹೆಸರು ಉಳಿಸಿಕೊಳ್ಳೋಕೆ ಹೋದವರ ಹೆಸರೇ ಅಳಿಸಿಹೋಯಿತು. ನನಗೆ ಇಡೀ ಇತಿಹಾಸದಲ್ಲಿ ಬಹಳ ಬೇಸರ ತರಿಸುವ ಘಟನೆ ಇದು. ಅವರು ಕೇಳಿದ ರೀತಿ ತಪ್ಪಿರಬಹುದು. ಕೇಳಿದ್ದು ತಪ್ಪಲ್ಲ.

ಇದರ ಉಲ್ಟಾ ಕಥೆಯೂ ಒಂದಿದೆ. ಕೇಳದೇ ಇದ್ದವರ ಕಥೆ. 'ಓಪನ್ ಸೋರ್ಸ್' ಎಂಬ ಹೆಸರನ್ನೇ ತಗೊಳ್ಳಿ. 1998ರ ಜನವರಿಯಲ್ಲಿ ನೆಟ್‌ಸ್ಕೇಪ್ ಕಂಪನಿ ತನ್ನ ಬ್ರೌಸರಿನ ಸೋರ್ಸ್ ಕೋಡನ್ನು ಬಹಿರಂಗ ಮಾಡುತ್ತೇವೆ ಅಂತ ಘೋಷಿಸಿತ್ತು. ಇಂಗ್ಲಿಷಿನ 'ಫ್ರೀ' ಪದ ಕೇಳಿದವರಿಗೆಲ್ಲ ಪುಕ್ಕಟೆ ಅಂತಲೇ ಅನ್ನಿಸುತ್ತಿತ್ತು. ಕಂಪನಿಗಳು ಹೆದರದಂಥ ಬೇರೆ ಹೆಸರು ಬೇಕಿತ್ತು. ಫೋರ್‌ಸೈಟ್ ಇನ್‌ಸ್ಟಿಟ್ಯೂಟ್‌ನ ಕ್ರಿಸ್ಟೀನ್ ಪೀಟರ್ಸನ್ ಯೋಚಿಸಿ 'ಓಪನ್ ಸೋರ್ಸ್' ಎಂಬ ಪದ ಕಂಡುಕೊಂಡರು. ಫೆಬ್ರುವರಿ ಮೊದಲ ವಾರದ ಸಭೆಯಲ್ಲಿ ಎರಿಕ್ ರೇಮಂಡ್ ಮುಂತಾದ ದೊಡ್ಡವರಿದ್ದರು. ತಾನು ಪ್ರೋಗ್ರಾಮರ್ ಅಲ್ಲ, ಹೇಳಿದರೆ ಹೇಗೋ ಏನೋ ಅಂತ ಪೀಟರ್ಸನ್ ಸುಮ್ಮನಿದ್ದರು. ವಿಷಯ ಮೊದಲೇ ಗೊತ್ತಿದ್ದ ಗೆಳೆಯನೊಬ್ಬ ಮಾತಿನ ಮಧ್ಯೆ ಸಹಜವಾಗಿ ಆ ಪದ ಬಳಸಿದ. ಸ್ವಲ್ಪ ಹೊತ್ತಿಗೆ ಇನ್ನೊಬ್ಬರು ಬಳಸಿದರು. ಯಾರೂ ಗಮನಿಸದೆ ಪದ ಬಾಯಿಂದ ಬಾಯಿಗೆ ದಾಟಿತು. ಆಮೇಲೆ ರೇಮಂಡ್ ಮತ್ತು ಬ್ರೂಸ್ ಪೆರೆನ್ಸ್ ಅದೇ ಹೆಸರಿನ ಸಂಸ್ಥೆ ಕಟ್ಟಿ ಜಗತ್ತಿಗೆಲ್ಲ ಸಾರಿದರು. ಪೀಟರ್ಸನ್ ತಮ್ಮ ನೆನಪುಗಳನ್ನು ವಿವರವಾಗಿ ಪ್ರಕಟಿಸಿದ್ದು 2018ರಲ್ಲಿ, ಇಪ್ಪತ್ತು ವರ್ಷದ ನಂತರ. ಬಳಗದ ಒಳಗಿನವರಿಗೆ ವಿಷಯ ಗೊತ್ತಿತ್ತು. ನಮ್ಮಂಥ ಎಷ್ಟೋ ಜನ ಅದು ರೇಮಂಡ್ ಇಟ್ಟ ಹೆಸರು ಅಂತಲೇ ಅಂದುಕೊಂಡಿದ್ದೆವು.

ಒಟ್ಟಿನಲ್ಲಿ ನನಗೆ ಕಾಣೋದು ಇಷ್ಟು. ಹೆಸರು ಬೇರೆ, ಮನ್ನಣೆ ಬೇರೆ. ಹೆಸರನ್ನು ತೀರ್ಮಾನಿಸೋದು ಕರೆಯುವವರು. ಅವರಿಗೆ ಚಿಕ್ಕದು, ಬಾಯಿಗೆ ಬರುವಂಥದ್ದು ಬೇಕು. ಅಲ್ಲಿ ನ್ಯಾಯ ಕೇಳಿದರೆ ಲಿಗ್ನಕ್ಸ್ ಆಗುತ್ತೆ. ಮನ್ನಣೆಯನ್ನು ಉಳಿಸೋದು ದಾಖಲೆ ಇಡುವವರು. ದಾಖಲೆ ಟ್ಯೂಬ್‌ಲೈಟಿನ ಮೇಲೆ ಇರಬಾರದು, ದೇವಸ್ಥಾನದ ಲೆಕ್ಕದ ಪುಸ್ತಕದಲ್ಲಿ ಇರಬೇಕು. ಆದರೆ ಆ ಪುಸ್ತಕ ಇರಲೇಬೇಕು.

ಲಿನಕ್ಸ್ ಕರ್ನಲ್ಲಿಗೆ ಅಂಥ ಪುಸ್ತಕ ಬಂದದ್ದೂ ಕೃತಜ್ಞತೆಯಿಂದ ಅಲ್ಲ, ಕೋರ್ಟಿನ ಭಯದಿಂದ. 2003ರಲ್ಲಿ ಎಸ್‌ಸಿಒ ಎಂಬ ಕಂಪನಿ ಐಬಿಎಂ ಮೇಲೆ ದಾವೆ ಹೂಡಿ, ತನ್ನ ಯುನಿಕ್ಸ್ ಕೋಡು ಲಿನಕ್ಸಿನೊಳಗೆ ಸೇರಿದೆ ಅಂತ ಗದ್ದಲ ಎಬ್ಬಿಸಿತು. ಯಾವ ಸಾಲು ಯಾರಿಂದ ಬಂತು ಅಂತ ತೋರಿಸೋ ಹೊತ್ತು ಬಂದಾಗ ಕಷ್ಟ ಗೊತ್ತಾಯಿತು. 2004ರಿಂದ ಪ್ರತಿ ಬದಲಾವಣೆಯ ಕೆಳಗೂ ಬರೆದವರು, ದಾಟಿಸಿದವರು ಸಹಿ ಹಾಕುವ ಪದ್ಧತಿ ಶುರುವಾಯಿತು. 2005ರಲ್ಲಿ ಲಿನಸ್ ಬರೆದ ಗಿಟ್‌ನಲ್ಲಿ ಬರೆದವರಿಗೆ ಒಂದು ಕಾಲಂ, ಸೇರಿಸಿದವರಿಗೆ ಇನ್ನೊಂದು ಕಾಲಂ. ಒಂದು ಅಲ್ಪವಿರಾಮ ತಿದ್ದಿದವರ ಹೆಸರೂ ಅಲ್ಲಿರುತ್ತೆ. ಯಾರೂ ಬೇಡಲಿಲ್ಲ, ಯಾರೂ ಕಡ್ಡಾಯದ ಜಾಹೀರಾತು ಹಾಕಲಿಲ್ಲ. ಕೆಲಸ ನಡೆಯಬೇಕಾದರೆ ಹೆಸರು ಬೇಕೇ ಬೇಕು ಅನ್ನೋ ಹಾಗೆ ಯಂತ್ರವನ್ನೇ ಕಟ್ಟಿದರು.

ಗಿಟ್ ಇಲ್ಲದ ಕಾಲದ ಕೆಲಸಕ್ಕೆ ಏನು ಗತಿ? ಉತ್ತರ ನನ್ನ ಲ್ಯಾಪ್‌ಟಾಪಿನಲ್ಲೇ ಇದೆ. ಈ ಲೇಖನ ಟೈಪ್ ಮಾಡುತ್ತಿರುವ ಲಿನಕ್ಸಿನ ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕನ್ನಡದ ಮುಂದೆ 'ಕಗಪ' ಅಂತಿದೆ. ಕನ್ನಡ ಗಣಕ ಪರಿಷತ್ತಿನ ಮೂರು ಅಕ್ಷರ. ಪಟ್ಟಿಯಲ್ಲಿ ಕೆಳಗೆ ಹೋದರೆ ಹಿಂದಿ, ಮರಾಠಿ, ಸಂಸ್ಕೃತಕ್ಕೂ ಕಗಪ ಇದೆ. ಪರಿಷತ್ತಿನ ನುಡಿ ತಂತ್ರಾಂಶದ ಜೊತೆ ಮನೆಮನೆಗೆ ಹೋದದ್ದರಿಂದ ಬಂದ ಹೆಸರು ಅದು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕನ್ನಡದ ಸದ್ದನ್ನು ಇಂಗ್ಲಿಷ್ ಕೀಲಿಗಳ ಮೇಲೆ ಹೀಗೆ ಕೂರಿಸಿದವರು ಕೆ.ಪಿ. ರಾವ್. ಅವರು ತಮ್ಮ ಕನ್ನಡ ತಂತ್ರಾಂಶಕ್ಕೆ ಇಟ್ಟ ಹೆಸರು 'ಸೇಡಿಯಾಪು', ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ. ಹಂಚಿದ್ದು ಉಚಿತವಾಗಿ. ತಮ್ಮ ಕೆಲಸಕ್ಕೆ ಇನ್ನೊಬ್ಬರ ಹೆಸರಿಟ್ಟವರ ಕೀಲಿಮಣೆಗೆ ಕೊನೆಗೆ ಮತ್ತೊಂದು ಹೆಸರು ಬಂತು. ಸೆಟ್ಟಿಂಗಿನ ಆ ಪಟ್ಟಿಯಲ್ಲಿ ರಾವ್ ಇಲ್ಲ. ಅವರ ಹೆಸರು ಉಳಿದಿರೋದು ಅದನ್ನು ಮತ್ತೆ ಮತ್ತೆ ಹೇಳುವವರು ಇರೋದರಿಂದ ಮಾತ್ರ.

ನಾನು ಬೋಳಿಸಿದ ನಲವತ್ತು ಫೈಲುಗಳು ಈಗ ಎಲ್ಲಿವೆಯೋ. ಆ ಕಂಪನಿಯಲ್ಲಿ ನಾನಿಲ್ಲ, ಸರಿ ಮಾಡೋಕೆ ದಾರಿಯೂ ಇಲ್ಲ. ಈಗಿನ ಕೆಲಸದಲ್ಲಿ ಹೊಸಬರು ಯಾರಾದರೂ ಹೊರಗಿನ ಕೋಡು ತಂದರೆ ನಾನು ಮೊದಲು ನೋಡೋದು ಫೈಲಿನ ತಲೆ. ಹೆಸರು ಹಾಗೇ ಇದ್ದರೆ ಮುಂದಿನ ಮಾತು. ಇಲ್ಲದಿದ್ದರೆ ವಾಪಸ್ ಕಳಿಸುತ್ತೇನೆ. "ಬರೀ ಕಮೆಂಟ್ ತಾನೇ ಸರ್" ಅಂತ ಮೊನ್ನೆ ಒಬ್ಬ ಹುಡುಗಿ ಕೇಳಿದಳು. ಕೂರಿಸಿಕೊಂಡು ಎಕ್ಸ್‌ಫ್ರೀ86 ಕಥೆ ಹೇಳಿದೆ. ಊಟದ ಹೊತ್ತು ಮೀರಿತ್ತು, ಆದರೂ ಪೂರ್ತಿ ಕೇಳಿ ಎದ್ದಳು. ಸಂಜೆ ಹೊತ್ತಿಗೆ ಹೆಸರುಗಳು ತಮ್ಮ ಜಾಗಕ್ಕೆ ವಾಪಸ್ ಬಂದಿದ್ದವು.